‘ನಿಂತಿತು’ ಅನ್ನುವವರೆಗೆ

ಆ ಊರಿನಲ್ಲಿ ಗೋಡೆ ಹೇಳಿದಂತೆ ಊರು ಇರುತ್ತದೆ.

ಊರ ನಡುವೆ ಒಂದು ಉದ್ದನೆಯ ಮನೆ. ಅದಕ್ಕೆ ಸಾಲುಮನೆ ಎಂದು ಹೆಸರು. ಒಳಗೆ ಮೂಡಲಿಂದ ಪಡುವಲವರೆಗೆ ಒಂದೇ ಕರಿಕಲ್ಲಿನ ಗೋಡೆ, ಗೋಡೆಯ ತುಂಬ ಬಳಪದಲ್ಲಿ ಬರೆದ ಸಾಲುಗಳು. ಊರಿನಲ್ಲಿರುವ ಒಂದೊಂದಕ್ಕೂ ಒಂದೊಂದು ಸಾಲು. ಬಾವಿಗೊಂದು, ಬಾವಿಯ ರಾಟೆಗೊಂದು, ಕುಂಬಾರ್ತಿಯ ಕತ್ತೆಗೊಂದು, ಕುಂಬಾರ್ತಿಗೊಂದು. ಬಾವಿಯಲ್ಲಿ ಎದೆಮಟ್ಟ ನೀರು ಎಂದು ಸಾಲು ಹೇಳಿದರೆ ಬಾವಿಯಲ್ಲಿ ಎದೆಮಟ್ಟ ನೀರು. ಕತ್ತೆ ಹಿತ್ತಿಲಲ್ಲಿದೆ ಎಂದು ಸಾಲು ಹೇಳಿದರೆ ಕತ್ತೆ ಹಿತ್ತಿಲಲ್ಲಿದೆ; ಅದನ್ನು ಬೀದಿಗೆ ಎಳೆದು ತರುವುದು ನಾಲ್ಕು ಜನರಿಂದಲೂ ಆಗದು.

ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಮರದ ಗೂಟ. ಏನನ್ನಾದರೂ ಬದಲಿಸಬೇಕಾದವರು ಮೊದಲು ಸಾಲುಮನೆಗೆ ಬಂದು ಅದರ ಗೂಟಕ್ಕೆ ತಮ್ಮ ಬಣ್ಣದ ದಾರ ಕಟ್ಟಬೇಕು. ಕಟ್ಟಿದ ಮೇಲೆ ಆ ವಸ್ತು ಅವರ ಕೈಗೆ ಒಲಿಯುತ್ತದೆ, ಬೇರೆ ಯಾರ ಕೈಗೂ ಒಲಿಯುವುದಿಲ್ಲ. ಬೇರೆಯವರು ಸಾಲನ್ನು ಓದಬಹುದು; ಓದಿದರೆ ಹಳೆಯ ಬರಹವೇ ಕಾಣುತ್ತದೆ. ದಾರದ ಕೆಳಗೆ ನಡೆಯುವ ಕೆಲಸ ಆ ಕೆಲಸದಲ್ಲಿರುವವರಿಗೆ ಮಾತ್ರ ಕಾಣುತ್ತದೆ. ಊರಿನ ಕಣ್ಣಿಗೆ ಎಲ್ಲವೂ ಮೊದಲಿದ್ದಂತೆಯೇ. ಕೆಲಸ ಮುಗಿದಾಗ ದಾರದವರು ಸಾಲುಮನೆಗೆ ಬಂದು, ಹೊಸ ಬರಹ ಬರೆದು, ‘ನಿಂತಿತು’ ಅನ್ನಬೇಕು. ಅಂದ ಕ್ಷಣಕ್ಕೆ ಅವರು ಕಟ್ಟಿದ ದಾರಗಳೆಲ್ಲ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ, ಅವರು ಮಾಡಿದ್ದೆಲ್ಲ ಊರಿಗೆ ಒಟ್ಟಿಗೆ ಕಾಣುತ್ತದೆ. ‘ಬಿಟ್ಟೆ’ ಅಂದರೆ, ಇಲ್ಲವೆ ಹೊತ್ತು ಮುಳುಗುವುದರೊಳಗೆ ಬಂದು ಏನೂ ಅನ್ನದಿದ್ದರೆ, ಮಾಡಿದ್ದೆಲ್ಲ ಮಾಡದಂತೆ ಆಗುತ್ತದೆ. ಅರ್ಧ ಎನ್ನುವುದು ಆ ಊರಿನಲ್ಲಿ ಇಲ್ಲ.

ದಾರದ ಕಟ್ಟಳೆ ಮೊದಲಿನಿಂದ ಇದ್ದದ್ದಲ್ಲ. ಹಿಂದೆ ಇಬ್ಬರು ತಮ್ಮಂದಿರಿಗೆ ಒಬ್ಬಳು ಅಕ್ಕನಿದ್ದಳು. ಅಕ್ಕ ನನ್ನ ಮನೆಯಲ್ಲಿರಲಿ ಎಂದು ಇಬ್ಬರಿಗೂ ಆಸೆ. ಒಂದು ಬೆಳಿಗ್ಗೆ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಸಾಲುಮನೆಗೆ ಬಂದರು. ಅಕ್ಕನ ಸಾಲನ್ನು ಒಬ್ಬ ಎಡಗಡೆಯಿಂದ ಒರೆಸಿ ಬರೆದ, ಇನ್ನೊಬ್ಬ ಬಲಗಡೆಯಿಂದ ಒರೆಸಿ ಬರೆದ. ಎರಡು ಬಳಪಗಳು ಸಾಲಿನ ನಡುವೆ ಎದುರಾದವು. ಆಮೇಲೆ ಅಕ್ಕನನ್ನು ದೊಡ್ಡವನ ಮನೆಯಲ್ಲಿ ಹುಡುಕಿದರು, ಇರಲಿಲ್ಲ. ಚಿಕ್ಕವನ ಮನೆಯಲ್ಲಿ ಹುಡುಕಿದರು, ಇರಲಿಲ್ಲ. ಅವಳು ತಲೆ ಬಾಚುತ್ತಿದ್ದ ಹಣಿಗೆ ಮಾತ್ರ ಎರಡೂ ಮನೆಯಲ್ಲಿತ್ತು. ಅಂದಿನಿಂದ ದಾರ ಬಂತು. ಕಾಯುವುದು ಆ ಊರಿನಲ್ಲಿ ಅಂದಿನಿಂದ ಅವಮಾನವಲ್ಲ.

ಸಾಲುಮನೆಯನ್ನು ಒಬ್ಬ ಮುದುಕಿ ನೋಡಿಕೊಳ್ಳುತ್ತಿದ್ದಳು. ಅವಳನ್ನು ಎಲ್ಲರೂ ಕಾವಲಜ್ಜಿ ಅನ್ನುತ್ತಿದ್ದರು. ಅವಳು ಬಳಪ ಮುಟ್ಟಿದವಳಲ್ಲ. ಸೊಂಟದಲ್ಲಿ ಒಂದು ಸಣ್ಣ ಕತ್ತರಿ ಸಿಕ್ಕಿಸಿಕೊಂಡು, ಮೂರು ಮೂರು ಗಳಿಗೆಗೊಮ್ಮೆ ಗೋಡೆಯ ಉದ್ದಕ್ಕೂ ಒಂದು ಸುತ್ತು ಬರುವುದು ಅವಳ ಕೆಲಸ.

ಹೊಳೆ ತುಂಬಿ ಹರಿಯುತ್ತಿದ್ದ ನಾಲ್ಕನೆಯ ದಿನ ಇದು ನಡೆಯಿತು.

ಊರಿನ ಸೂಲಗಿತ್ತಿ ಬೆಳಗಾಗುತ್ತಲೇ ದೋಣಿ ಕಟ್ಟುವ ಕಡವಿಗೆ ಹೋಗಿ ಹೊಳೆಯ ಕಡೆ ನೋಡಿದಳು. ಐವತ್ತು ದಾಟಿದ ಗಿಡ್ಡ ಹೆಂಗಸು, ನಡೆಯುವಾಗ ಓಡಿದಂತೆ ಕಾಣುವವಳು. ಹೊಳೆಯ ನಡುಗಡ್ಡೆಯಲ್ಲಿ ಒಂದೇ ಒಂದು ಮನೆ, ಅಲ್ಲಿ ಬುಟ್ಟಿ ಹೆಣೆಯುವ ಗಂಡ ಹೆಂಡತಿ. ಹೆಂಡತಿ ತುಂಬಿದ ಬಸುರಿ. ನೋವು ಶುರುವಾದರೆ ಬಿದಿರ ಗಳುವಿಗೆ ಹಳದಿ ಸೀರೆ ಕಟ್ಟಿ ನಿಲ್ಲಿಸಿ ಎಂದು ಸೂಲಗಿತ್ತಿಯೇ ಹೇಳಿಬಂದಿದ್ದಳು. ಎಂಟು ದಿನದ ಹಿಂದೆ ಹೊಟ್ಟೆ ಮುಟ್ಟಿ ನೋಡಿದಾಗ ಮಗು ಅಡ್ಡ ಮಲಗಿತ್ತು. ಅದನ್ನು ತಿರುಗಿಸಲು ಗೊತ್ತಿದ್ದ ಕೈ ಆ ಸೀಮೆಯಲ್ಲಿ ಅವಳದೊಂದೇ.

ಗಳುವಿನ ಮೇಲೆ ಹಳದಿ ಸೀರೆ ಹಾರುತ್ತಿತ್ತು.

ಅವಳು ಸಾಲುಮನೆಗೆ ಮೂಡಲ ಬಾಗಿಲಿಂದ ಹೋದಳು. ದೋಣಿಯ ಸಾಲು ಮೂಡಲ ತುದಿಯಲ್ಲಿತ್ತು. ಅದರ ಗೂಟಕ್ಕೂ ಹುಲ್ಲಿನ ಬಣವೆಯ ಗೂಟಕ್ಕೂ ತನ್ನ ಕೆಂಪು ದಾರ ಕಟ್ಟಿ ಕಡವಿಗೆ ಓಡಿದಳು. ಅಂಬಿಗನನ್ನು ಎಬ್ಬಿಸಿ, ಇಬ್ಬರೂ ಸೇರಿ ದೋಣಿಯಲ್ಲಿ ನಿಂತಿದ್ದ ಮಳೆನೀರು ತೋಡಿ ಚೆಲ್ಲಿದರು. ಬರುವಾಗ ಬಾಣಂತಿ ಮಲಗಬೇಕೆಂದು ಒಳಗೆ ಹುಲ್ಲು ಹಾಸಿದರು. ತುಂಬಿದ ಹೊಳೆಯಲ್ಲಿ ದೊಡ್ಡ ಹಗ್ಗವಿಲ್ಲದೆ ದೋಣಿ ಬಿಡುವಂತಿಲ್ಲ. ಕಡವಿನ ಕಲ್ಲುಕಂಬಕ್ಕೆ ಹಗ್ಗ ಬಿಗಿದು, ಅದನ್ನು ಸಡಿಲಿಸುತ್ತ ಸಡಿಲಿಸುತ್ತ ಹೋಗಬೇಕು. ಆದ್ದರಿಂದ ಅವಳು ಮತ್ತೆ ಸಾಲುಮನೆಗೆ ಬಂದಳು. ಹಗ್ಗದ ಸಾಲು ಪಡುವಲ ತುದಿಯಲ್ಲಿ. ಅದರ ಗೂಟಕ್ಕೆ ಆಗಲೇ ಒಂದು ನೀಲಿ ದಾರವಿತ್ತು.

ಯಾರದೋ ಕೆಲಸ ನಡೆಯುತ್ತಿದೆ, ಮುಗಿಸಿ ಬರುತ್ತಾರೆ ಅಂದುಕೊಂಡು ಅವಳು ಗೂಟದ ಕೆಳಗೆ ಕಾಲು ಮಡಚಿ ಕೂತಳು.

ನೀಲಿ ದಾರ ಕಲ್ಲುಕುಟಿಗನದು. ಅವನೂ ಬೆಳಗಾಗುತ್ತಲೇ, ಪಡುವಲ ಬಾಗಿಲಿಂದ ಬಂದಿದ್ದ. ತಗ್ಗಿನ ಕೇರಿಗೂ ಹೊಳೆಗೂ ನಡುವೆ ಇರುವ ಒಡ್ಡು ಮೂರು ಕಡೆ ಬಾಯಿಬಿಟ್ಟಿತ್ತು. ಕೇರಿಯಲ್ಲಿ ನೂರಿಪ್ಪತ್ತು ಮನೆ. ಜನ ಪಾತ್ರೆ ಪಗಡಗಳನ್ನೆಲ್ಲ ಅಟ್ಟಕ್ಕೇರಿಸಿ ಬಾಗಿಲಲ್ಲಿ ನಿಂತಿದ್ದರು. ಹೊಳೆಯ ಕಡೆಯಿಂದ ಹನ್ನೆರಡು ದೋಣಿ ಕಲ್ಲು ಇಳಿಸಿದರೆ ಒಡ್ಡು ಉಳಿಯುತ್ತದೆ. ಅವನು ಗುಡ್ಡದ ಕಲ್ಲಿನ ಮೂರು ಸಾಲುಗಳಿಗೂ ಹಗ್ಗದ ಸಾಲಿಗೂ ದಾರ ಕಟ್ಟಿ, ಇಪ್ಪತ್ತು ಆಳುಗಳೊಡನೆ ಕಲ್ಲುಗಳನ್ನು ಹಗ್ಗಕ್ಕೆ ಬಿಗಿದು ಎಳೆದು ಕಡವಿಗೆ ತಂದು ಪೇರಿಸಿದ್ದ. ಊರಿನ ಕಣ್ಣಿಗೆ ಕಲ್ಲುಗಳು ಇನ್ನೂ ಗುಡ್ಡದಲ್ಲೇ ಇದ್ದವು. ಆಮೇಲೆ ದೋಣಿಗೆ ದಾರ ಕಟ್ಟಲೆಂದು ಮೂಡಲ ತುದಿಗೆ ಬಂದ. ಅಲ್ಲಿ ಕೆಂಪು ದಾರವಿತ್ತು.

ಯಾರೋ ಆಚೆ ದಡಕ್ಕೆ ಹೋಗಿದ್ದಾರೆ, ಬರುತ್ತಾರೆ ಅಂದುಕೊಂಡು ಅವನು ಗೂಟದ ಕೆಳಗೆ ಕೂತ.

ಒಬ್ಬಳು ಪಡುವಲಲ್ಲಿ, ಒಬ್ಬ ಮೂಡಲಲ್ಲಿ. ನಡುವೆ ನಲವತ್ತು ಕಂಬ. ಇವಳು ಕಾದಳು, ಅವನು ಕಾದ. ಇವಳ ದೋಣಿ ಹುಲ್ಲು ಹಾಸಿಕೊಂಡು ಹಗ್ಗಕ್ಕಾಗಿ ಕಾಯಿತು. ಅವನ ಹಗ್ಗ ಕಲ್ಲು ಸುತ್ತಿಕೊಂಡು ದೋಣಿಗಾಗಿ ಕಾಯಿತು. ಇವಳು ಎದ್ದು ಹೋಗಲಿಲ್ಲ, ಹೋದರೆ ಹಗ್ಗ ತಪ್ಪೀತು. ಅವನೂ ಏಳಲಿಲ್ಲ, ಎದ್ದರೆ ದೋಣಿ ತಪ್ಪೀತು.

ಕಾವಲಜ್ಜಿ ಸುತ್ತು ಬಂದಳು. ಪಡುವಲಲ್ಲಿ ಸೂಲಗಿತ್ತಿಯ ಮುಂದೆ ನಿಂತಳು.

“ಯಾರಿಗೆ ಕಾಯ್ತಿದ್ದೀಯವ್ವಾ?”

“ನೀಲಿ ದಾರದವರಿಗೆ, ಅಜ್ಜಿ. ಹಗ್ಗ ಬೇಕು.”

“ನೀನು ಎಲ್ಲಾದರೂ ದಾರ ಕಟ್ಟಿದ್ದೀಯಾ?”

“ದೋಣಿಗೆ, ಬಣವೆಗೆ. ಕೆಂಪು.”

ಮುದುಕಿ ಮುಂದೆ ನಡೆದಳು. ನಲವತ್ತು ಕಂಬ ದಾಟಿ ಮೂಡಲ ತುದಿಗೆ ಬಂದಳು.

“ಯಾರಿಗೆ ಕಾಯ್ತಿದ್ದೀಯಪ್ಪಾ?”

“ಕೆಂಪು ದಾರದವರಿಗೆ, ಅಜ್ಜಿ. ದೋಣಿ ಬೇಕು.”

“ನಿನ್ನ ದಾರ ಎಲ್ಲೆಲ್ಲಿದೆ?”

“ಗುಡ್ಡದ ಕಲ್ಲಿಗೆ ಮೂರು. ಹಗ್ಗಕ್ಕೊಂದು. ನೀಲಿ.”

ಮುದುಕಿ ಮತ್ತೆ ಪಡುವಲಿಗೆ ನಡೆದಳು. ಮತ್ತೆ ಮೂಡಲಿಗೆ ಬಂದಳು. ತಾನೇ ತಪ್ಪು ತಿಳಿದಿರಬಹುದು ಎಂದು ಮೂರನೆಯ ಸಲವೂ ನಡೆದಳು, ಯಾರು ಎಷ್ಟು ಕೆಲಸ ಮಾಡಿದ್ದಾರೆಂದು ಇಬ್ಬರನ್ನೂ ಕೇಳಿದಳು. ಪ್ರತಿ ಸಲವೂ ಹೊರಟಲ್ಲಿಗೇ ಬಂದಳು.

ಆಮೇಲೆ ಇಬ್ಬರನ್ನೂ ನಡುಗಂಬದ ಹತ್ತಿರ ಕರೆದಳು.

“ನೀನು ಇವಳಿಗೆ ಕಾಯ್ತಿದ್ದೀಯ, ಇವಳು ನಿನಗೆ ಕಾಯ್ತಿದ್ದಾಳೆ,” ಅಂದಳು. “ಈ ಕಾಯೋದು ಮುಗಿಯೋದಲ್ಲ. ನೀವಿಬ್ಬರೂ ಇಲ್ಲೇ ಕೂತು ಮುದುಕರಾದರೂ ದೋಣಿ ಹೋಗೋದಿಲ್ಲ, ಹಗ್ಗ ಬರೋದಿಲ್ಲ. ಒಬ್ಬರ ದಾರ ನಾನು ಕತ್ತರಿಸಬೇಕು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕಲ್ಲುಕುಟಿಗನೇ ಮೊದಲು ಮಾತಾಡಿದ.

“ಅಕ್ಕಾ, ನಿಮಗೆ ದೋಣಿ ಯಾತಕ್ಕೆ?”

“ನಡುಗಡ್ಡೆಯಲ್ಲಿ ಒಬ್ಬಳಿಗೆ ನೋವು ಶುರುವಾಗಿದೆ. ಮಗು ಅಡ್ಡ ಇದೆ.”

ಅವನು ತಲೆ ತಗ್ಗಿಸಿದ. “ನನ್ನದು ತಗ್ಗಿನ ಕೇರಿಯ ಒಡ್ಡು. ಹನ್ನೆರಡು ದೋಣಿ ಕಲ್ಲು ಬೇಕು,” ಅಂದ. ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಕೇರಿಯ ಬಾಗಿಲುಗಳಲ್ಲಿ ನಿಂತಿದ್ದವರನ್ನು ಅವಳೂ ಬರುವ ದಾರಿಯಲ್ಲಿ ನೋಡಿದ್ದಳು.

ಕಲ್ಲುಕುಟಿಗನ ಇಬ್ಬರು ಮಕ್ಕಳೂ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು. ಎರಡನೆಯದು ಹುಟ್ಟುವಾಗ ಅವನ ಹೆಂಡತಿ ಸತ್ತೇಹೋದಳು ಅಂದುಕೊಂಡು ಅವನು ಹೊರಗೆ ಗೋಡೆಗೆ ಹಣೆ ಚಚ್ಚಿಕೊಂಡಿದ್ದ. ಆ ಮಾತನ್ನು ಅವಳು ಎತ್ತಬಹುದಿತ್ತು. ಎತ್ತಲಿಲ್ಲ.

“ಯಾರದು ಕತ್ತರಿಸ್ತೀರಿ ಅಜ್ಜಿ?” ಅಂತ ಕೇಳಿದಳು.

“ಕಟ್ಟಳೆ ನಿನಗೂ ಗೊತ್ತು. ಯಾರು ಕಡಿಮೆ ಕೆಲಸ ಮಾಡಿದ್ದಾರೋ ಅವರದು. ಅವನು ಗುಡ್ಡದಿಂದ ಕಲ್ಲು ತಂದಿದ್ದಾನೆ, ಇಪ್ಪತ್ತು ಜನ ಬೆನ್ನು ಮುರಿದು ದುಡಿದಿದ್ದಾರೆ. ನೀನು ದೋಣಿಯ ನೀರು ತೋಡಿದ್ದೀಯ, ಹುಲ್ಲು ಹಾಸಿದ್ದೀಯ.”

“ಅಲ್ಲಿ ಒಂದು ಜೀವ ಒದ್ದಾಡ್ತಿದೆ. ಹುಲ್ಲಿಗೂ ಕಲ್ಲಿಗೂ ತೂಕ ಹಾಕೋದಾ?”

“ಜೀವದ ತೂಕ ಹಾಕೋಕೆ ನನ್ನ ಹತ್ತಿರ ತಕ್ಕಡಿ ಇಲ್ಲ ಮಗಾ,” ಅಂದಳು ಕಾವಲಜ್ಜಿ. “ಹಾಕೋಕೆ ಶುರು ಮಾಡಿದರೆ ನಾಳೆ ನನಗೆ ಬೇಕಾದವರ ಜೀವ ಭಾರ ಆಗ್ತದೆ. ಅದಕ್ಕೇ ಕಲ್ಲು ಎಣಿಸ್ತೀನಿ, ಹುಲ್ಲು ಎಣಿಸ್ತೀನಿ. ನಲವತ್ತು ವರ್ಷದಲ್ಲಿ ಇದು ಒಂಬತ್ತನೇ ಸಲ. ಕತ್ತರಿಸಿಕೊಂಡ ಎಂಟು ಜನರಲ್ಲಿ ನಾಲ್ವರು ಮತ್ತೆ ಈ ಕಡೆ ಬರಲೇ ಇಲ್ಲ.”

“ನಾನು ಬರ್ತೀನಿ,” ಅಂದಳು ಸೂಲಗಿತ್ತಿ. “ಕತ್ತರಿಸಿ. ಬೇಗ ಕತ್ತರಿಸಿ.”

ಮುದುಕಿ ಮೂಡಲ ತುದಿಗೆ ಹೋಗಿ ಕೆಂಪು ದಾರಗಳನ್ನು ಕತ್ತರಿಸಿದಳು. ಕಡವಿನಲ್ಲಿ ಹಾಸಿದ್ದ ಹುಲ್ಲು ಬಣವೆಗೆ ಹೋಯಿತು. ತೋಡಿ ಚೆಲ್ಲಿದ್ದ ನೀರು ದೋಣಿಯ ಹೊಟ್ಟೆಗೆ ವಾಪಸು ಬಂತು. ಅಂಬಿಗ ತನ್ನ ಗುಡಿಸಲಲ್ಲಿ ಆಗತಾನೆ ಎದ್ದವನಂತೆ ಕಣ್ಣುಜ್ಜಿಕೊಂಡ. ಬೆಳಗಿನಿಂದ ಸೂಲಗಿತ್ತಿ ಏನೂ ಮಾಡಿರಲಿಲ್ಲ. ಅವಳ ರಟ್ಟೆಯ ನೋವು ಮಾತ್ರ ಉಳಿದಿತ್ತು, ಅದಕ್ಕೆ ಗೋಡೆಯಲ್ಲಿ ಸಾಲಿರಲಿಲ್ಲ.

ಕಲ್ಲುಕುಟಿಗ ದೋಣಿಯ ಗೂಟಕ್ಕೆ ನೀಲಿ ದಾರ ಕಟ್ಟಿದ. ಕಟ್ಟಿ ತಿರುಗಿದರೆ ಸೂಲಗಿತ್ತಿ ಹಿಂದೆಯೇ ನಿಂತಿದ್ದಳು.

“ತಮ್ಮಾ, ಒಂದು ಮಾತು. ಹನ್ನೆರಡು ಸಲ ಹೋಗಿಬರೋಕೆ ಎಷ್ಟು ಹೊತ್ತು?”

“ಹೊತ್ತು ಮುಳುಗೋವರೆಗೂ ಬೇಕು ಅಕ್ಕಾ.”

“ಒಂದು ಸಲದ ಕಲ್ಲು ಹಾಕಿದರೆ ಒಡ್ಡು ಎಷ್ಟು ಹೊತ್ತು ತಡೀತದೆ?”

ಕಲ್ಲಿನ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ. “ದೊಡ್ಡ ಬಿರುಕಿಗೆ ಹಾಕಿದರೆ ಇಳಿಹೊತ್ತಿನವರೆಗೆ ತಡೀಬಹುದು. ತಡೀತದೆ ಅಂತ ಹೇಳಲಾರೆ. ತಡೀಬಹುದು.”

“ಹಾಗಾದರೆ ಒಂದು ಸಲದ್ದು ಹಾಕಿ ಬಂದು ಮಾತು ಹೇಳು. ದೋಣಿ, ಹಗ್ಗ ನನಗೆ ಬಿಡು. ನಾನು ಹೋಗಿಬರ್ತೀನಿ. ಆಮೇಲೆ ಮಿಕ್ಕಿದ್ದು ನೀನು ಹಾಕು. ಹನ್ನೆರಡೂ ಒಂದೇ ದಾರದಲ್ಲಿ ಯಾಕೆ?”

“ನಮ್ಮಪ್ಪ ಹಾಗೇ ಕಟ್ಟಿದ್ದು, ಅವರಪ್ಪನೂ ಹಾಗೇ. ಒಂದೇ ದಾರದಲ್ಲಿ ಕಟ್ಟಿದರೆ, ನಡುವೆ ಏನಾದರೂ ಕೆಟ್ಟರೆ ಬಿಟ್ಟೆ ಅಂದುಬಿಡಬಹುದು, ಕಲ್ಲೆಲ್ಲ ಗುಡ್ಡಕ್ಕೆ ವಾಪಸು ಹೋಗ್ತದೆ, ಇನ್ನೊಂದು ಸಲ ನೋಡಬಹುದು. ಒಂದು ಸಲದ್ದು ನಿಂತಿತು ಅಂದುಬಿಟ್ಟರೆ ಅದು ನಿಂತೇಹೋಯ್ತು. ಆ ಕಲ್ಲು ಹೊಳೆ ಪಾಲು. ಅರ್ಧ ಒಡ್ಡು ಇಟ್ಟುಕೊಂಡು ನಾನು ದಡದಲ್ಲಿ ಕೂರಬೇಕು. ದೋಣಿ ವಾಪಸು ಬರದಿದ್ದರೆ ನೂರಿಪ್ಪತ್ತು ಮನೆಗೆ ಏನು ಹೇಳಲಿ?”

“ನಾನು ಬರಲಿಲ್ಲ ಅಂತ ಹೇಳು,” ಅಂದಳು ಅವಳು. “ಆದರೆ ಬರ್ತೀನಿ. ಹೊತ್ತು ಇಳಿಯುವ ಮುಂಚೆ ಬರ್ತೀನಿ, ನಿನಗೆ ಇನ್ನೆರಡು ಸಲ ಹೋಗೋಕೆ ಬೆಳಕಿರೋ ಹಾಗೆ ಬರ್ತೀನಿ. ನಿನ್ನ ಕೆಲಸ ಬಿಡು ಅಂತ ನಾನು ಕೇಳ್ತಿಲ್ಲ. ತುಂಡು ಮಾಡು ಅಂತ ಕೇಳ್ತಿದ್ದೀನಿ.”

ಅವನು ಅವಳ ಕೈ ನೋಡಿದ. ಚಿಕ್ಕ ಕೈ, ಉಗುರು ಬುಡದವರೆಗೆ ಕತ್ತರಿಸಿದ್ದು.

“ಆಯ್ತು,” ಅಂದ. ಅಂದು ನಡೆದೇಬಿಟ್ಟ.

ಸೂಲಗಿತ್ತಿ ಕಡವಿನಲ್ಲಿ ಕೂತು ನೋಡಿದಳು. ಅವಳ ಕಣ್ಣಿಗೆ ದೋಣಿ ಮಳೆನೀರು ತುಂಬಿಕೊಂಡು ದಡದಲ್ಲೇ ನಿಂತಿತ್ತು, ಹಗ್ಗ ಸುರುಳಿ ಸುತ್ತಿಕೊಂಡು ಕಂಬದ ಬುಡದಲ್ಲೇ ಇತ್ತು. ಅದೇ ದೋಣಿಯಲ್ಲಿ ಆ ಹೊತ್ತಿಗೆ ಆರು ಜನ ಹುಟ್ಟು ಹಾಕುತ್ತಿದ್ದಾರೆ, ಕಲ್ಲುಕುಟಿಗ ಸೊಂಟಮಟ್ಟ ನೀರಲ್ಲಿ ನಿಂತು ಕಲ್ಲು ಇಳಿಸುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಕಾಣಿಸುತ್ತಿರಲಿಲ್ಲ. ಕಾಣುತ್ತಿದ್ದದ್ದು ನಡುಗಡ್ಡೆಯ ಹಳದಿ ಸೀರೆ. ಗಾಳಿಗೆ ಅದು ಗಳುವಿಗೆ ಸುತ್ತಿಕೊಂಡಿತು, ಯಾರೋ ಬಂದು ಬಿಡಿಸಿ ಮತ್ತೆ ಹಾರಿಸಿದರು. ಇನ್ನೂ ಬಿಡಿಸುವವರಿದ್ದಾರೆ ಎಂದು ಅವಳು ಉಸಿರು ಬಿಟ್ಟಳು. ಅಂಬಿಗನೂ ಕಲ್ಲುಕುಟಿಗನ ಜತೆಗೇ ಹೋಗಿದ್ದ. ಅವಳ ಕಣ್ಣಿಗೆ ಅವನು ಗುಡಿಸಲ ಬಾಗಿಲಲ್ಲಿ ಕೂತು ಕಣ್ಣುಜ್ಜಿಕೊಳ್ಳುತ್ತಲೇ ಇದ್ದ.

ಅವಳು ಸುಮ್ಮನೆ ಕೂರಲಿಲ್ಲ. ಎಣ್ಣೆ, ಬಟ್ಟೆ, ಕುಡುಗೋಲು ಗಂಟು ಕಟ್ಟಿಕೊಂಡಳು. ಬಣವೆಯಿಂದ ಹುಲ್ಲು ಹಿರಿದು ಹೊರೆ ಮಾಡಿ ಕಂಬದ ಪಕ್ಕದಲ್ಲಿಟ್ಟಳು. ಹುಲ್ಲಿನ ಬಣವೆಗೆ ಬೇರೆ ಯಾರೂ ದಾರ ಕಟ್ಟಿರಲಿಲ್ಲ. ಅದಕ್ಕೆ ಮತ್ತೆ ತನ್ನದನ್ನು ಕಟ್ಟಿಕೊಂಡು ಬಂದಿದ್ದಳು. ಒಂದು ಸಲ ಎದ್ದು ಸಾಲುಮನೆಯ ಬಾಗಿಲವರೆಗೆ ಹೋದಳು, ನೀಲಿ ದಾರ ಇನ್ನೂ ಇದೆಯೇ ಎಂದು ನೋಡಿದಳು. ಇತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಅವಳು ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ವಾಪಸು ಬಂದಳು.

ನಡುಹಗಲು ಕಳೆದ ಮೇಲೆ ಸಾಲುಮನೆಯಿಂದ ಆ ಮಾತು ಕೇಳಿಸಿತು. ಕಲ್ಲುಕುಟಿಗನ ಗಂಟಲು ದೊಡ್ಡದು.

“ನಿಂತಿತು.”

ಅವಳ ಎದುರಿಗೇ ದೋಣಿ ಬದಲಾಯಿತು. ಮಳೆನೀರು ಇರಲಿಲ್ಲ, ಹಲಗೆಗಳ ಮೇಲೆ ಕಲ್ಲು ಉಜ್ಜಿದ ಗೀರುಗಳಿದ್ದವು, ಹಗ್ಗ ಒದ್ದೆಯಾಗಿ ಕೆಸರು ಮೆತ್ತಿಕೊಂಡಿತ್ತು. ಕೆಳಗಡೆ ಒಡ್ಡಿನ ದೊಡ್ಡ ಬಿರುಕಿಗೆ ಕರಿಯ ಕಲ್ಲುಗಳು ತುಂಬಿದ್ದವು. ತಗ್ಗಿನ ಕೇರಿಯವರು ಓ ಎಂದರು. ಅಂಬಿಗ ಬೆವರು ಸುರಿಸುತ್ತ ದೋಣಿಯ ಮೂತಿ ಹಿಡಿದು ನಿಂತಿದ್ದ.

ಅವಳು ಓಡಿದಳು. ಸಾಲುಮನೆಯಲ್ಲಿ ಕಲ್ಲುಕುಟಿಗ ಅವಳಿಗೆ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತ. ಮೊಣಕೈ ತರಚಿ ರಕ್ತ ಬರುತ್ತಿತ್ತು.

“ಮೊದಲು ಯಾವುದು ಕಟ್ಟಲಿ?” ಎಂದು ಅವಳು ತನ್ನಷ್ಟಕ್ಕೆ ಅಂದಳು. ಅಂದವಳು ಅವನ ಕಡೆ ತಿರುಗಿದಳು. “ತಮ್ಮಾ, ಇದು ಇನ್ನೊಮ್ಮೆ ಆಗಬಾರದು. ನೀನು ಪಡುವಲಿಂದ ಬರ್ತೀಯ, ನಾನು ಮೂಡಲಿಂದ ಬರ್ತೀನಿ, ನಡುವೆ ಸಿಕ್ಕಿಕೊಳ್ತೀವಿ. ಇನ್ನು ಮೇಲೆ ಇಬ್ಬರೂ ಒಂದೇ ಕಡೆಯಿಂದ ಬರೋಣ. ಮೂಡಲಲ್ಲಿರೋದು ಮೊದಲು, ಪಡುವಲಲ್ಲಿರೋದು ಆಮೇಲೆ. ದೋಣಿ ಮೊದಲು, ಹಗ್ಗ ಆಮೇಲೆ. ದೋಣಿ ಸಿಗದಿದ್ದರೆ ಹಗ್ಗ ಮುಟ್ಟೋದೇ ಬೇಡ.”

“ಆಗ ಕಾಯೋದು ಇರ್ತದೆ,” ಅಂದ ಅವನು.

“ಕಾಯೋದು ಇರ್ತದೆ. ಆದರೆ ಒಬ್ಬರ ಕೆಲಸ ನಡೀತಿರ್ತದೆ.”

ಕಾವಲಜ್ಜಿ ಅಷ್ಟು ದೂರದಲ್ಲಿ ನಿಂತು ಕೇಳಿಸಿಕೊಂಡಳು. ಸೂಲಗಿತ್ತಿ ದೋಣಿಯ ಗೂಟಕ್ಕೆ ದಾರ ಕಟ್ಟಿದಳು, ದಾರಿಯಲ್ಲಿ ಬುಟ್ಟಿ ಹೆಣೆಯುವ ಗಂಡ ಹೆಂಡತಿಯ ಗೂಟಗಳಿಗೂ ಕಟ್ಟುತ್ತ ನಲವತ್ತು ಕಂಬ ಓಡಿ ಹಗ್ಗದ ಗೂಟಕ್ಕೆ ದಾರ ಕಟ್ಟಿದಳು. ಪಡುವಲ ಬಾಗಿಲಿಂದ ಹೊರಗೆ ಹೋದಳು.

ಹೊಳೆ ದೋಣಿಯನ್ನು ಎಲ್ಲಿಗೋ ಎಳೆಯುತ್ತಿತ್ತು, ಹಗ್ಗ ಬಿಡುತ್ತಿರಲಿಲ್ಲ. ಅಂಬಿಗ ಹಗ್ಗ ಸಡಿಲಿಸುತ್ತ ಬೆರಳುಗಳನ್ನು ಕೊಯ್ದುಕೊಂಡ. ಸೂಲಗಿತ್ತಿ ಹುಟ್ಟು ಹಾಕಿದಳು. ದಡದಲ್ಲಿ ನಿಂತಿದ್ದ ಊರಿನವರ ಕಣ್ಣಿಗೆ ದೋಣಿ ಕಡವಿನಲ್ಲೇ ಇತ್ತು. ಇನ್ನೂ ಯಾಕೆ ಹೊರಟಿಲ್ಲ ಎಂದು ಅವರು ಮಾತಾಡಿಕೊಳ್ಳುವುದು ಅವಳಿಗೆ ನೀರಿನ ಮೇಲಿಂದ ಕೇಳಿಸುತ್ತಿತ್ತು.

ನಡುಗಡ್ಡೆಯ ಮನೆಯಂಗಳಕ್ಕೆ ನೀರು ಬಂದಿತ್ತು. ಗಂಡ ಗಳುವಿನ ಕೆಳಗೆ ನಿಂತಿದ್ದವನು ದೋಣಿ ಕಂಡು ಒಳಗೆ ಕೈತೋರಿಸಿದ. ಬುಟ್ಟಿ ಹೆಣೆಯುವವಳು ಗೋಡೆಗೊರಗಿ ಕೂತಿದ್ದಳು. ತುಟಿ ಕಚ್ಚಿ ಕಚ್ಚಿ ಊದಿಕೊಂಡಿತ್ತು.

“ಬೆಳಿಗ್ಗೆಯಿಂದ ನಿಮ್ಮ ದಾರಿ ನೋಡ್ತಿದ್ದೆ,” ಅಂದಳು.

“ನಾನೂ ಬೆಳಿಗ್ಗೆಯೇ ಹೊರಟೆ ಮಗಾ,” ಅಂದಳು ಸೂಲಗಿತ್ತಿ. “ಎರಡು ಸಲ ಹೊರಟೆ. ಈಗ ಮಾತು ಬೇಡ. ನಾನು ಹೇಳಿದಾಗ ಉಸಿರು ಹಿಡಿ, ಹೇಳಿದಾಗ ಬಿಡು.”

ಎಣ್ಣೆ ಹಚ್ಚಿದ ಕೈಯಲ್ಲಿ ಹೊಟ್ಟೆಯ ಮೇಲಿಂದ ಮಗುವಿನ ತಲೆ ಹುಡುಕಿದಳು, ಕಾಲು ಹುಡುಕಿದಳು. ಒಂದು ಕೈಯಲ್ಲಿ ತಲೆಯನ್ನು ಕೆಳಗೆ ಒತ್ತಿದಳು, ಇನ್ನೊಂದು ಕೈಯಲ್ಲಿ ಕಾಲನ್ನು ಮೇಲೆ ಒತ್ತಿದಳು. ಮಗು ತಿರುಗಲಿಲ್ಲ. ಹಿಡಿ ಅಂದಳು, ಬಿಡು ಅಂದಳು. ತಿರುಗಲಿಲ್ಲ. ಅಂಗಳದ ನೀರು ಹೊಸ್ತಿಲು ನೆಕ್ಕಿತು. ಹಿಡಿ ಅಂದಳು, ಬಿಡು ಅಂದಳು. ಏಳನೆಯ ಸಲವೋ ಎಂಟನೆಯ ಸಲವೋ, ಅವಳ ಎರಡು ಕೈಗಳ ನಡುವೆ ಮಗು ನಿಧಾನವಾಗಿ ಹೊರಳಿತು. ಆಮೇಲೆ ಹೊತ್ತು ಹಿಡಿಯಲಿಲ್ಲ.

ಹುಟ್ಟಿದ್ದು ಹೆಣ್ಣು. ಗಟ್ಟಿಯಾಗಿ ಅತ್ತಿತು. ಅಂಬಿಗ ದೋಣಿಯಲ್ಲಿ ಕೂತವನು ಕೇಳಿಸಿಕೊಂಡು ಹಣೆಗೆ ಕೈ ಮುಟ್ಟಿಸಿಕೊಂಡ. ಊರಿಗೆ ಕೇಳಿಸಲಿಲ್ಲ.

ತಾಯಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಗಂಡನನ್ನು ಹುಟ್ಟಿಗೆ ಕೂರಿಸಿ, ಮಗುವನ್ನು ತನ್ನ ಎದೆಗೆ ಕಟ್ಟಿಕೊಂಡು ಸೂಲಗಿತ್ತಿ ಹೊರಟಳು. ನಡುಹೊಳೆಯಲ್ಲಿ ಹಗ್ಗ ಒಂದು ಮರದ ಬೊಡ್ಡೆಗೆ ಸಿಕ್ಕಿಕೊಂಡಿತು. ದೋಣಿ ನಿಂತಲ್ಲೇ ತಿರುಗತೊಡಗಿತು. ಅಂಬಿಗ ನೀರಿಗೆ ಧುಮುಕಿ ಬಿಡಿಸಲು ಹೋದ. ಬಿಡಿಸುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು.

ತಾಯಿ ಹುಲ್ಲಿನಿಂದ ತಲೆಯೆತ್ತಿ ಕೇಳಿದಳು, “ಹೊತ್ತು ಮುಳುಗಿಬಿಟ್ಟರೆ?”

ಮುಳುಗಿಬಿಟ್ಟರೆ ದಾರ ಬೀಳುತ್ತದೆ. ದೋಣಿ ಕಡವಿನಲ್ಲಿ, ತಾಯಿ ನಡುಗಡ್ಡೆಯಲ್ಲಿ, ಮಗು ಹೊಟ್ಟೆಯಲ್ಲಿ ಅಡ್ಡಲಾಗಿ, ನೋವು ಮೊದಲಿನಿಂದ. ಮತ್ತೆ ನೀರು ಆಗಲೇ ಮನೆಯೊಳಗೆ. ಅದು ಇಬ್ಬರಿಗೂ ಗೊತ್ತಿತ್ತು.

“ಮುಳುಗೋದಿಲ್ಲ,” ಅಂದಳು ಸೂಲಗಿತ್ತಿ, ತಾನೂ ಒಂದು ಹುಟ್ಟು ಹಿಡಿಯುತ್ತ.

ಕಡವು ಮುಟ್ಟಿದಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ತಾಯಿಯನ್ನು ಗಂಡನಿಗೂ ಅಂಬಿಗನಿಗೂ ಒಪ್ಪಿಸಿ ಅವಳು ಮಗುವಿನೊಂದಿಗೆ ಏರು ಹತ್ತಿದಳು. ಹೊಸದಾಗಿ ಹುಟ್ಟಿದವರಿಗೆ ಗೋಡೆಯಲ್ಲಿ ಸಾಲಿರುವುದಿಲ್ಲ. ಎತ್ತಿಕೊಂಡು ಬಂದವರು ಖಾಲಿ ಜಾಗದಲ್ಲಿ ಬರೆಯಬೇಕು. ದಾರಿಯಲ್ಲಿ ತಗ್ಗಿನ ಕೇರಿಯವರು ಗುಂಪುಗಟ್ಟಿ ನಿಂತಿದ್ದರು. ಒಡ್ಡಿನ ಎರಡನೆಯ ಬಿರುಕಿನಿಂದ ನೀರು ಜಿನುಗಿ ಮೊದಲ ಮನೆಗಳ ಜಗಲಿ ಮುಟ್ಟಿತ್ತು. ಓಡುತ್ತಿದ್ದ ಸೂಲಗಿತ್ತಿಯನ್ನು ನೋಡಿ ಒಬ್ಬಳು ಅಂದಳು, “ಬರಿಗೈಯಲ್ಲಿ ಬಂದಳು, ಪಾಪ.” ಮಗು ಅವಳ ಎದೆಯ ಮೇಲೆ ಕಿರುಚಿ ಅಳುತ್ತಿತ್ತು.

ಸಾಲುಮನೆಯಲ್ಲಿ ಕಲ್ಲುಕುಟಿಗ ದೋಣಿಯ ಗೂಟದ ಕೆಳಗೆ ಕೂತಿದ್ದ. ಅವನ ಹಿಂದೆ ಇಪ್ಪತ್ತು ಆಳುಗಳು. ಮಧ್ಯಾಹ್ನದಿಂದ ಅವನು ಒಡ್ಡಿಗೂ ಸಾಲುಮನೆಗೂ ನಡೆದು ನಡೆದು ಸಾಕಾಗಿದ್ದ. ಸೂಲಗಿತ್ತಿ ಒಳಗೆ ಬಂದಾಗ ಎದ್ದು ನಿಂತ. ಅವಳ ಕೈಗಳು ಎದೆಯ ಮೇಲೆ ಏನನ್ನೋ ಹಿಡಿದಂತೆ ಮಡಚಿದ್ದವು, ಅಲ್ಲಿ ಏನೂ ಇರಲಿಲ್ಲ.

ಅವಳು ಬಳಪ ತೆಗೆದುಕೊಂಡು ದೋಣಿಯ ಸಾಲು ಒರೆಸಿ ಬರೆದಳು: ಈ ದಡದಲ್ಲಿದೆ, ಗಟ್ಟಿಯಾಗಿದೆ. ಹಗ್ಗದ ಸಾಲು ಬರೆದಳು: ಒದ್ದೆಯಾಗಿದೆ, ಒಂದು ಎಳೆ ಸವೆದಿದೆ. ಬಣವೆಯ ಸಾಲು ಬರೆದಳು: ಒಂದು ಹೊರೆ ಕಡಿಮೆ. ಬುಟ್ಟಿ ಹೆಣೆಯುವವಳ ಸಾಲು, ಅವಳ ಗಂಡನ ಸಾಲು. ಕೊನೆಗೆ ಖಾಲಿ ಜಾಗ ಹುಡುಕಿ ಬರೆದಳು: ಹೆಣ್ಣು ಮಗು, ಇಂದು ಹುಟ್ಟಿದ್ದು, ಇಲ್ಲಿದೆ. ಕಾವಲಜ್ಜಿ ಹತ್ತಿರ ಬಂದು ನಿಂತಿದ್ದಳು. ಅವಳ ಕಣ್ಣಿಗೆ ಆ ಜಾಗ ಖಾಲಿಯಾಗಿಯೇ ಇತ್ತು.

ಸೂಲಗಿತ್ತಿ ಗೋಡೆಯಿಂದ ತಿರುಗಿ ನಿಂತು ಹೇಳಿದಳು.

“ನಿಂತಿತು.”

ಸಾಲುಮನೆಯ ಈ ತುದಿಯಿಂದ ಆ ತುದಿಯವರೆಗೆ ಮಗುವಿನ ಅಳು ತುಂಬಿತು. ಇಪ್ಪತ್ತು ಆಳುಗಳೂ ಒಂದು ಹೆಜ್ಜೆ ಹಿಂದೆ ಸರಿದರು. ಕಾವಲಜ್ಜಿ ಕತ್ತರಿ ಹಿಡಿದಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಕಲ್ಲುಕುಟಿಗ ಮಗುವಿನ ಮುಖ ನೋಡಿದ, ಸೂಲಗಿತ್ತಿಯ ಮುಖ ನೋಡಿದ.

“ತಾಯಿ?”

“ಕಡವಿನಲ್ಲಿದ್ದಾಳೆ. ಚೆನ್ನಾಗಿದ್ದಾಳೆ. ನಿಂತು ನೋಡಬೇಡ, ಬೆಳಕು ಹೋಗ್ತದೆ.”

ಅವನು ಆಗಲೇ ದೋಣಿಯ ಗೂಟಕ್ಕೆ ದಾರ ಸುತ್ತುತ್ತಿದ್ದ. ಅದಾದ ಮೇಲೆ ಪಡುವಲಿಗೆ ಹೋಗಿ ಹಗ್ಗಕ್ಕೆ ಕಟ್ಟಿದ. ಹೊತ್ತು ಮುಳುಗುವುದರೊಳಗೆ ಎರಡು ದೋಣಿ ಕಲ್ಲು ಇಳಿಸಿದ. ಒಂದೊಂದಕ್ಕೂ ಬೇರೆ ದಾರ ಕಟ್ಟಿದ, ಬೇರೆ ಮಾತು ಹೇಳಿದ. ಮೂರನೆಯ ಮಾತಿಗೆ ಜಿನುಗುವುದು ನಿಂತಿತು. ಮರುದಿನ ಬೆಳಿಗ್ಗೆಯಿಂದ ಉಳಿದ ಒಂಬತ್ತನ್ನೂ ಹಾಗೆಯೇ ಹಾಕಿದ. ನಡುನಡುವೆ ದೋಣಿ ಬೇಕಾದವರು ಬಂದರು, ಒಬ್ಬರ ಹಿಂದೆ ಒಬ್ಬರು ಮೂಡಲ ಬಾಗಿಲಲ್ಲಿ ನಿಂತು ಕಾದು ತೆಗೆದುಕೊಂಡು ಹೋದರು. ಪಡುವಲ ಬಾಗಿಲಿಗೆ ಕಾವಲಜ್ಜಿ ಒಳಗಿನಿಂದ ಅಗುಳಿ ಹಾಕಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

ನಡುಗಡ್ಡೆಯ ಮನೆ ಆ ರಾತ್ರಿಯೇ ಹೊಳೆಗೆ ಹೋಗಿತ್ತು. ಬುಟ್ಟಿ ಹೆಣೆಯುವವಳಿಗೆ ತಗ್ಗಿನ ಕೇರಿಯವರು ಒಂದು ಮನೆಯ ಜಗಲಿ ಬಿಟ್ಟುಕೊಟ್ಟರು. ಹನ್ನೆರಡನೆಯ ದೋಣಿಯ ಮಾತು ಕೇಳಿಸಿದಾಗ ಕೇರಿಯ ಹೆಂಗಸರು ಅಟ್ಟದಿಂದ ಪಾತ್ರೆಗಳನ್ನು ಇಳಿಸಿ ಒಲೆ ಹಚ್ಚಿದರು. ಮೊದಲು ಕಾದ ನೀರನ್ನು ಸೂಲಗಿತ್ತಿ ಕೇಳಿ ತೆಗೆದುಕೊಂಡು, ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದಳು.